ಹೊಗೆಯ ಲೆಕ್ಕ ಬರೆದ ಅರ್ಥಶಾಸ್ತ್ರದ ಮೇಷ್ಟರು

ಅರ್ಥಶಾಸ್ತ್ರಜ್ಞ ಎಂದ ಕೂಡಲೇ ನಮ್ಮವರ ಮನಸ್ಸಿಗೆ ಬರುವುದು ಬಡ್ಡಿ ದರ, ಡಾಲರ್-ರೂಪಾಯಿ ವಿನಿಮಯ, ಬಜೆಟ್ಟು, ಶೇರು ಮಾರುಕಟ್ಟೆ. ಅವನಿಗೂ ಆಸ್ಪತ್ರೆಗೂ ಏನಾದರೂ ಸಂಬಂಧವಿದ್ದರೆ ಅದು ಬಿಲ್ಲು ಬಂದ ದಿನ ಮಾತ್ರ! ಆದರೆ ವೈದ್ಯರಾದ ನಾವು ಇವತ್ತು ಹೃದ್ರೋಗಿಗಳಿಗೆ, ಆಸ್ತಮಾ ಇರುವ ಮಕ್ಕಳ ತಾಯಂದಿರಿಗೆ, “ಈ ದಿನ ಹೊರಗಿನ ಗಾಳಿ ಚೆನ್ನಾಗಿಲ್ಲ, ಮನೆಯಲ್ಲೇ ಇರಿ” ಎಂದು ಹೇಳುತ್ತೇವಲ್ಲ, ಆ ಸಲಹೆಯ ಬೇರು ಹುಡುಕುತ್ತಾ ಹೋದರೆ ಸಿಗುವವರು ಬರೀ ಡಾಕ್ಟರುಗಳಲ್ಲ. ಯೂಟಾ ರಾಜ್ಯದ ಪ್ರೋವೋ ಎಂಬ ಊರಿನಲ್ಲಿ ಕಾಲೇಜು ಹುಡುಗರಿಗೆ ಅರ್ಥಶಾಸ್ತ್ರ ಪಾಠ ಹೇಳುತ್ತಿದ್ದ ಒಬ್ಬ ಮೇಷ್ಟರು ಅಲ್ಲಿ ಸಿಗುತ್ತಾರೆ. ಹೆಸರು ಸಿ. ಆರ್ಡನ್ ಪೋಪ್. (ರೋಮಿನ ಪೋಪ್ ಅಲ್ಲ, ಇವರು ಪಾಠ ಹೇಳುತ್ತಿದ್ದದ್ದು ಮಾರ್ಮನ್ ಪಂಥದವರು ನಡೆಸುವ ವಿಶ್ವವಿದ್ಯಾಲಯದಲ್ಲಿ!)

ನಮ್ಮ ಸಂಪಾದಕರು ಡಾಕ್ಟರುಗಳಿಂದ ಯಾವಾಗಲೂ ಕೇಳುವುದು ಸಕ್ಕರೆ ಕಾಯಿಲೆ, ಕೊಲೆಸ್ಟರಾಲ್ ಬಗ್ಗೆ ಲೇಖನ. ಅದನ್ನು ಓದಿ ಮುಗಿಸಿದವರು ಅದೇ ಸಂಜೆ ಕೂಟದ ಊಟದಲ್ಲಿ ಎರಡನೇ ಸಲ ಹೋಳಿಗೆಗೆ ಕೈ ಚಾಚುವುದನ್ನು ನಾವು ಕಣ್ಣಾರೆ ನೋಡಿದ್ದೇವೆ. ಆದ್ದರಿಂದ ಈ ಸಲ ಅದು ಬೇಡ, ಒಂದಿಷ್ಟು ಇತಿಹಾಸ ಹೇಳೋಣ ಎಂದುಕೊಂಡಿದ್ದೇವೆ.

ಕತೆ ಶುರುವಾಗುವುದು ಪೋಪ್ ಅವರಿಗಿಂತ ಬಹಳ ಮೊದಲು. ಹೊಗೆ ಕೆಟ್ಟದ್ದು ಎಂಬುದು ಯಾರಿಗೆ ತಾನೇ ಗೊತ್ತಿರಲಿಲ್ಲ? 1948ರ ಅಕ್ಟೋಬರ್ ಕೊನೆಯಲ್ಲಿ ಪೆನ್ಸಿಲ್ವೇನಿಯಾದ ಡೊನೋರಾ ಎಂಬ ಕಾರ್ಖಾನೆ ಊರಿನ ಮೇಲೆ ಸತು ಮತ್ತು ಉಕ್ಕಿನ ಕಾರ್ಖಾನೆಗಳ ಹೊಗೆ ಐದು ದಿನ ಕದಲದೆ ನಿಂತಿತು. ಸುಮಾರು 14,000 ಜನರಿದ್ದ ಊರಿನಲ್ಲಿ 20 ಜನ ತೀರಿಕೊಂಡರು, ಸಾವಿರಾರು ಜನ ಹಾಸಿಗೆ ಹಿಡಿದರು. ಪಿಟ್ಸ್‌ಬರ್ಗಿನ ವೆಂಕಟೇಶ್ವರ ದೇವಸ್ಥಾನಕ್ಕೆ ಹೋಗಿಬಂದ ನಮ್ಮ ಅನೇಕ ಸದಸ್ಯರು ಆ ಊರಿನ ಹತ್ತಿರದ ಹೆದ್ದಾರಿಯಲ್ಲೇ ಹಾದುಹೋಗಿರುತ್ತಾರೆ. ಪಿಟ್ಸ್‌ಬರ್ಗಿನಿಂದ ದಕ್ಷಿಣಕ್ಕೆ ಸ್ವಲ್ಪವೇ ದೂರ. 1952ರ ಡಿಸೆಂಬರಿನಲ್ಲಿ ಲಂಡನ್ನಿನಲ್ಲಿ ಐದು ದಿನ ಇದೇ ಕತೆ. ಆಗಿನ ಲೆಕ್ಕದಲ್ಲೇ 4,000 ಸಾವು, ಆಮೇಲಿನ ಸಂಶೋಧಕರು ಹಾಕಿದ ಲೆಕ್ಕದಲ್ಲಿ 12,000ದ ಹತ್ತಿರ. ಇಷ್ಟು ದೊಡ್ಡ ಅನಾಹುತಗಳಾದರೆ ಯಾರಿಗೂ ಅನುಮಾನ ಉಳಿಯುವುದಿಲ್ಲ. ಪ್ರಶ್ನೆ ಇದ್ದದ್ದು ಬೇರೆ. ಕಣ್ಣಿಗೆ ಅಷ್ಟೇನೂ ಕಾಣದ, ದಿನನಿತ್ಯದ, “ನಮ್ಮ ಊರಿನಲ್ಲಿ ಇದು ಮಾಮೂಲು” ಎನ್ನುವಷ್ಟು ಹೊಗೆ ಏನು ಮಾಡುತ್ತದೆ?

ಈ ಪ್ರಶ್ನೆಯನ್ನು ಮೊದಲು ದೊಡ್ಡದಾಗಿ ಎತ್ತಿಕೊಂಡವರಲ್ಲಿ ಅರ್ಥಶಾಸ್ತ್ರದವರೂ ಇದ್ದರು. ಪಿಟ್ಸ್‌ಬರ್ಗಿನ ಕಾರ್ನಿಗಿ ಮೆಲನ್ ವಿಶ್ವವಿದ್ಯಾಲಯದ ಲೆಸ್ಟರ್ ಲೇವ್ ಮತ್ತು ಯೂಜೀನ್ ಸೆಸ್ಕಿನ್ 1970ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಒಂದು ಲೇಖನ ಬರೆದರು. ಅಮೆರಿಕದ ನೂರಕ್ಕೂ ಹೆಚ್ಚು ನಗರಗಳ ಗಾಳಿಯ ಅಂಕಿ, ಸಾವಿನ ಅಂಕಿ ಎರಡನ್ನೂ ಪಕ್ಕಪಕ್ಕ ಇಟ್ಟು, ಹೊಗೆ ಅರ್ಧಕ್ಕಿಳಿದರೆ ಕಾಯಿಲೆ-ಸಾವುಗಳ ಖರ್ಚಿನಲ್ಲಿ ವರ್ಷಕ್ಕೆ ಸುಮಾರು 200 ಕೋಟಿ ಡಾಲರ್ ಉಳಿಯುತ್ತದೆಂದು ಲೆಕ್ಕ ಕೊಟ್ಟರು. ಬಹಳ ಜನ ನಂಬಲಿಲ್ಲ. ಒಂದು ಊರಿಗೂ ಇನ್ನೊಂದು ಊರಿಗೂ ನೂರು ವ್ಯತ್ಯಾಸ: ಒಂದು ಕಡೆ ಬಡತನ, ಇನ್ನೊಂದು ಕಡೆ ಸಿಗರೇಟು, ಮತ್ತೊಂದು ಕಡೆ ಮುದುಕರೇ ಜಾಸ್ತಿ. ಎಲ್ಲವನ್ನೂ ಹೊಗೆಯ ತಲೆಗೆ ಕಟ್ಟುವುದು ಹೇಗೆ? ಆಕ್ಷೇಪಣೆಯಲ್ಲಿ ಹುರುಳಿತ್ತು ಎನ್ನದೆ ವಿಧಿಯಿಲ್ಲ. ಇದಕ್ಕೆ ಸರಿಯಾದ ಉತ್ತರ ಬೇಕಾದರೆ ಅದೇ ಊರು, ಅದೇ ಜನ, ಅದೇ ಹವೆ ಇಟ್ಟುಕೊಂಡು ಹೊಗೆಯನ್ನು ಮಾತ್ರ ಸ್ವಿಚ್ ಆರಿಸಿದಂತೆ ಆರಿಸಿ, ಮತ್ತೆ ಹಚ್ಚಿ ನೋಡಬೇಕು. ಇಂಥ ಪ್ರಯೋಗಕ್ಕೆ ಯಾರು ತಾನೇ ಒಪ್ಪಿಯಾರು?

ಪ್ರೋವೋ ಊರಿನಲ್ಲಿ ಅದು ತಾನಾಗಿಯೇ ನಡೆದುಹೋಯಿತು.

ಯೂಟಾ ಕಣಿವೆಯ ಪೂರ್ವಕ್ಕೆ ವಾಸಾಚ್ ಪರ್ವತಶ್ರೇಣಿ, ಪಶ್ಚಿಮಕ್ಕೆ ಯೂಟಾ ಸರೋವರ. ಎರಡನೇ ಮಹಾಯುದ್ಧದ ಹೊತ್ತಿನಲ್ಲಿ, ಜಪಾನಿನ ದಾಳಿಗೆ ಸಿಗದಷ್ಟು ಸಮುದ್ರತೀರದಿಂದ ದೂರವಿರಲಿ ಎಂದು ಸರ್ಕಾರ ಆ ಸರೋವರದ ದಡದಲ್ಲಿ ಜಿನೀವಾ ಎಂಬ ದೊಡ್ಡ ಉಕ್ಕಿನ ಕಾರ್ಖಾನೆ ಕಟ್ಟಿಸಿತು. 1944ರಲ್ಲಿ ಕೆಲಸ ಶುರುವಾಯಿತು, ಯುದ್ಧ ಮುಗಿದ ಮೇಲೆ 1946ರಲ್ಲಿ ಯು.ಎಸ್. ಸ್ಟೀಲ್ ಕಂಪನಿ ಅದನ್ನು ಕೊಂಡುಕೊಂಡಿತು. ರೈತರ ಕಣಿವೆಗೆ ಕಾರ್ಖಾನೆ ಸಂಬಳ ಬಂತು, ಮನೆಗಳು ಎದ್ದವು, ಮಕ್ಕಳು ಕಾಲೇಜಿಗೆ ಹೋದರು. ಭದ್ರಾವತಿಯ ಕಡೆಯ ಸದಸ್ಯರಿಗೆ ಇದನ್ನು ವಿವರಿಸಬೇಕಾಗಿಲ್ಲ. 1923ರಲ್ಲಿ ಅಲ್ಲಿ ಕಬ್ಬಿಣದ ಕುಲುಮೆ ಹೊತ್ತಿದ ಮೇಲೆ ಊರಿಗೆ ಊರೇ ಅದರ ಸುತ್ತ ಬೆಳೆದದ್ದು, ಕಾರ್ಖಾನೆಗೆ ನೆಗಡಿಯಾದರೆ ಪೇಟೆಗೆ ಜ್ವರ ಬರುವುದು, ಎಲ್ಲ ಗೊತ್ತಿರುವುದೇ. ಇಂಥ ಊರುಗಳಲ್ಲಿ ಚಿಮಣಿಯ ಹೊಗೆ ನೋಡಿದರೆ ಜನರಿಗೆ ನೆನಪಾಗುವುದು ಅನ್ನ, ಕೆಮ್ಮಲ್ಲ.

ಚಳಿಗಾಲ ಬಂತೆಂದರೆ ಆ ಕಣಿವೆಯಲ್ಲಿ ಒಂದು ವಿಚಿತ್ರ ನಡೆಯುತ್ತದೆ. ತಣ್ಣನೆಯ ಗಾಳಿ ಕೆಳಗೆ ಕೂತುಬಿಡುತ್ತದೆ, ಬೆಚ್ಚನೆಯ ಗಾಳಿ ಮೇಲೆ ಹೊದಿಕೆಯಂತೆ ನಿಲ್ಲುತ್ತದೆ. ಇಡ್ಲಿ ಪಾತ್ರೆಯ ಮುಚ್ಚಳ ಹಾಕಿದಂತೆ! ಒಳಗೆ ಎದ್ದದ್ದು ಹೊರಗೆ ಹೋಗುವಂತಿಲ್ಲ. ಕಾರ್ಖಾನೆಯ ಧೂಳು-ಹೊಗೆ ದಿನಗಟ್ಟಲೆ ಅಲ್ಲೇ ಸುತ್ತುತ್ತಿರುತ್ತದೆ.

ಪೋಪ್ ಅಯೋವಾ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ 1981ರಲ್ಲಿ ಡಾಕ್ಟರೇಟ್ ಪಡೆದು, ಕೆಲವು ವರ್ಷಗಳಲ್ಲೇ ಪ್ರೋವೋದ ಬ್ರಿಗಮ್ ಯಂಗ್ ವಿಶ್ವವಿದ್ಯಾಲಯ ಸೇರಿದವರು. ಅವರ ಓದು ಜಮೀನು, ನೀರು, ಹುಲ್ಲುಗಾವಲು, ಕಾಡುಗಳ ಅರ್ಥಶಾಸ್ತ್ರ. ಯೂಟಾದ ಕಾಡುಪ್ರದೇಶವನ್ನು ಹಾಗೇ ಉಳಿಸಿದರೆ ಅದಕ್ಕೆ ಜನ ಎಷ್ಟು ಬೆಲೆ ಕಟ್ಟುತ್ತಾರೆ ಎಂಬಂಥ ಅಧ್ಯಯನಗಳನ್ನು ಮಾಡಿದವರು. ವೈದ್ಯಶಾಸ್ತ್ರದ ಗಂಧ ಅವರಿಗೆ ಇರಲಿಲ್ಲ. ಆ ವಿಭಾಗದಲ್ಲಿ ಡಾಕ್ಟರೇಟ್ ಕೋರ್ಸೇ ಇರಲಿಲ್ಲ. ಮುಖ್ಯ ಕೆಲಸ ಪದವಿ ವಿದ್ಯಾರ್ಥಿಗಳಿಗೆ ಪಾಠ.

ಪರಿಸರ ಅರ್ಥಶಾಸ್ತ್ರದ ಯಾವ ತರಗತಿಯಲ್ಲೂ ಮೊದಲ ವಾರಗಳಲ್ಲೇ ಬರುವ ಒಂದು ಪಾಠವಿದೆ. ಕೇಂಬ್ರಿಜ್‌ನ ಆರ್ಥರ್ ಪಿಗು 1920ರಲ್ಲಿ ಬರೆದ ಗ್ರಂಥದಿಂದ ಬಂದದ್ದು. ಕಾರ್ಖಾನೆಯವನು ಕಲ್ಲಿದ್ದಲಿಗೆ ದುಡ್ಡು ಕೊಡುತ್ತಾನೆ, ಕೂಲಿ ಕೊಡುತ್ತಾನೆ, ಯಂತ್ರಕ್ಕೆ ಕೊಡುತ್ತಾನೆ. ಅವನ ಚಿಮಣಿಯ ಮಸಿ ಪಕ್ಕದ ಮನೆಯ ತಂತಿಯ ಮೇಲೆ ಒಣಗಲು ಹಾಕಿದ ಬಟ್ಟೆಗೆ ಹತ್ತಿದರೆ ಅದನ್ನು ಮತ್ತೆ ಒಗೆಯುವ ಸಾಬೂನಿನ ಖರ್ಚು ಅವನ ಪುಸ್ತಕದಲ್ಲಿ ಇರುವುದಿಲ್ಲ. ಖರ್ಚು ಆಗಿರುವುದು ನಿಜ, ಕೊಟ್ಟವರು ಬೇರೆಯವರು. ಅರ್ಥಶಾಸ್ತ್ರದವರು ಇದನ್ನು ಬಾಹ್ಯ ಪರಿಣಾಮ ಎನ್ನುತ್ತಾರೆ. ನಮ್ಮ ಹಳ್ಳಿಯವರು “ಉಂಡೋನು ಒಬ್ಬ, ಎಲೆ ಎತ್ತೋನು ಇನ್ನೊಬ್ಬ” ಎಂದುಬಿಡುತ್ತಿದ್ದರು. ಸಾಬೂನಿನ ಲೆಕ್ಕವೇನೋ ಸುಲಭ. ಮಗುವಿನ ಶ್ವಾಸಕೋಶದ ಲೆಕ್ಕ ಹಾಕುವುದು ಹೇಗೆ? ತರಗತಿಯ ಕಪ್ಪುಹಲಗೆಯ ಮೇಲೆ ಅದಕ್ಕೊಂದು ಗೆರೆ ಎಳೆದು ಮುಂದೆ ಹೋಗುವುದು ವಾಡಿಕೆ.

1986ರ ಆಗಸ್ಟ್ ಒಂದರಂದು ಕಾರ್ಮಿಕರಿಗೂ ಯು.ಎಸ್. ಸ್ಟೀಲ್ ಕಂಪನಿಗೂ ಒಪ್ಪಂದ ಮುರಿದು ದೇಶದಾದ್ಯಂತ ಆ ಕಂಪನಿಯ ಕೆಲಸ ನಿಂತಿತು. ಜಿನೀವಾದ ಕುಲುಮೆಗಳೂ ಆರಿದವು. ಹದಿಮೂರು ತಿಂಗಳು ಆರಿಯೇ ಇದ್ದವು. 1987ರ ಸೆಪ್ಟೆಂಬರಿನಲ್ಲಿ ಹೊಸ ಮಾಲೀಕರು ಕೊಂಡು ಮತ್ತೆ ಹೊತ್ತಿಸಿದರು. ಹೀಗೆ ಒಂದು ಚಳಿಗಾಲ ಹೊಗೆಯೊಡನೆ, ಒಂದು ಚಳಿಗಾಲ ಹೊಗೆಯಿಲ್ಲದೆ, ಮತ್ತೊಂದು ಚಳಿಗಾಲ ಹೊಗೆಯೊಡನೆ. ಕೆಲಸ ಹೋದವರ ಮನೆಗಳಲ್ಲಿ ಆ ವರ್ಷ ಹೇಗಿತ್ತೆಂದು ಊಹಿಸಬಹುದು. ಆದರೆ ಊರಿನ ಇನ್ನೊಂದು ಪುಸ್ತಕದಲ್ಲಿ, ಅಂದರೆ ಆಸ್ಪತ್ರೆಯ ದಾಖಲೆ ಪುಸ್ತಕದಲ್ಲಿ, ಬೇರೆಯೇ ಕತೆ ಬರೆಯಲಾಗುತ್ತಿತ್ತು.

ಪೋಪ್ ಮಾಡಿದ ಕೆಲಸ ಕೇಳಿದರೆ ಇಷ್ಟೇನಾ ಅನ್ನಿಸುತ್ತದೆ. 1985ರ ಏಪ್ರಿಲಿನಿಂದ 1988ರ ಫೆಬ್ರವರಿವರೆಗೆ ಕಣಿವೆಯ ಆಸ್ಪತ್ರೆಗಳಲ್ಲಿ ನ್ಯುಮೋನಿಯಾ, ಪ್ಲೂರಿಸಿ, ಬ್ರಾಂಕೈಟಿಸ್, ಆಸ್ತಮಾ ಎಂದು ದಾಖಲಾದವರ ತಿಂಗಳುವಾರು ಸಂಖ್ಯೆ ತೆಗೆದುಕೊಂಡರು. ಸರ್ಕಾರದವರು ಅಳೆಯುತ್ತಿದ್ದ ಧೂಳಿನ ಸಂಖ್ಯೆಯನ್ನು ಅದರ ಪಕ್ಕ ಬರೆದರು. ಈ ಧೂಳಿಗೆ ಪಿ.ಎಂ. 10 ಎಂದು ಹೆಸರು, ಅಂದರೆ 10 ಮೈಕ್ರಾನ್ ಅಥವಾ ಅದಕ್ಕಿಂತ ಸಣ್ಣ ಕಣ. ನಮ್ಮ ತಲೆಗೂದಲು ಸುಮಾರು 70 ಮೈಕ್ರಾನ್ ದಪ್ಪ ಎಂದುಕೊಂಡರೆ ಅದರ ಏಳನೇ ಒಂದು ಭಾಗ.

1989ರ ಮೇ ತಿಂಗಳಲ್ಲಿ ‘ಅಮೆರಿಕನ್ ಜರ್ನಲ್ ಆಫ್ ಪಬ್ಲಿಕ್ ಹೆಲ್ತ್’ನಲ್ಲಿ ಇದು ಪ್ರಕಟವಾಯಿತು. ಕಾರ್ಖಾನೆ ನಡೆಯುತ್ತಿದ್ದ ಚಳಿಗಾಲಗಳಲ್ಲಿ ಧೂಳು ನಿಂತ ಚಳಿಗಾಲದ ಹೆಚ್ಚುಕಡಿಮೆ ಎರಡರಷ್ಟು. ಮಕ್ಕಳು ಆಸ್ಪತ್ರೆ ಸೇರಿದ್ದು? ಎರಡರಿಂದ ಮೂರರಷ್ಟು! ಒಂದು ದಿನದ ಧೂಳು ಘನ ಮೀಟರಿಗೆ 150 ಮೈಕ್ರೋಗ್ರಾಂ ದಾಟಿದ ತಿಂಗಳುಗಳಲ್ಲಿ ಮಕ್ಕಳ ದಾಖಲಾತಿ ಹತ್ತಿರ ಹತ್ತಿರ ಮೂರು ಪಟ್ಟು, ದೊಡ್ಡವರದು 44 ಪ್ರತಿಶತ ಹೆಚ್ಚು. ಕಾರ್ಖಾನೆ ಮುಚ್ಚಿದ್ದ ಚಳಿಗಾಲದಲ್ಲಿ ಗಾಳಿ ಕದಲದೆ ನಿಂತಿತ್ತು, ಅಂದರೆ ಹವಾಮಾನದ ಮಟ್ಟಿಗೆ ಅದು ಒಳ್ಳೆಯ ವರ್ಷವಾಗಿರಲಿಲ್ಲ. ಆದರೂ ಮಕ್ಕಳ ವಾರ್ಡು ಖಾಲಿ.

ಇಲ್ಲಿ ವೃತ್ತಿಯ ಮಾತೊಂದು ಹೇಳಬೇಕು. ನಾವು ವೈದ್ಯರು ಒಂದೊಂದೇ ಹಾಸಿಗೆ ನೋಡುತ್ತೇವೆ. ಉಸಿರು ಸಿಕ್ಕದೆ ಪಕ್ಕೆ ಒಳಗೆ ಹೋಗುತ್ತಿರುವ ಎರಡು ವರ್ಷದ ಕೂಸು ಎದುರಿಗಿದ್ದಾಗ ಆಕ್ಸಿಜನ್, ನೆಬುಲೈಸರ್, ಡ್ರಿಪ್ಪು; ಇಷ್ಟರಲ್ಲೇ ರಾತ್ರಿ ಕಳೆಯುತ್ತದೆ. ಈ ಮಗು ಯಾಕೆ ಬಂತು ಎಂದು ಕೇಳುತ್ತೇವೆ, “ಈ ತಿಂಗಳು ಇಷ್ಟು ಮಕ್ಕಳು ಯಾಕೆ ಬಂದರು, ಹೋದ ವರ್ಷ ಯಾಕೆ ಬರಲಿಲ್ಲ” ಎಂದು ಕೇಳುವ ಅಭ್ಯಾಸ ನಮ್ಮ ತರಬೇತಿಯಲ್ಲಿ ಕಡಿಮೆ. ಬಾರದೇ ಇದ್ದ ಮಗುವನ್ನು ಯಾವ ಡಾಕ್ಟರೂ ನೋಡಲಾರ. ಲೆಕ್ಕದ ಮೇಷ್ಟರು ಅದನ್ನೇ ನೋಡಿದರು.

ಊರಿನಲ್ಲಿ ಇದಕ್ಕೆ ಸ್ವಾಗತ ಸಿಕ್ಕಿತೆಂದು ತಿಳಿಯಬೇಡಿ. ಆಗಷ್ಟೇ ಕೆಲಸ ಮರಳಿ ಬಂದಿತ್ತು. ಕಾರ್ಖಾನೆಯ ಕಡೆಯವರು ತಜ್ಞರನ್ನು ಕರೆಸಿದರು. ಅವರು ಹೇಳಿದ್ದು: ಮಕ್ಕಳ ಕಾಯಿಲೆಗೆ ಕಾರಣ ಆರ್.ಎಸ್.ವಿ. ಎಂಬ ವೈರಸ್, ಅದು ಕೆಲವು ವರ್ಷ ಜೋರಾಗಿ, ಕೆಲವು ವರ್ಷ ಮೆತ್ತಗೆ ಬರುತ್ತದೆ, ಕಾರ್ಖಾನೆ ಮುಚ್ಚಿದ್ದ ವರ್ಷ ಮೆತ್ತಗಿತ್ತು, ಅಷ್ಟೆ. ವೈದ್ಯರಾಗಿ ನಾವು ಈ ವಾದವನ್ನು ತಳ್ಳಿಹಾಕುವ ಹಾಗಿಲ್ಲ, ಆರ್.ಎಸ್.ವಿ. ನಿಜಕ್ಕೂ ಹಾಗೆಯೇ ಬರುತ್ತದೆ. ಪೋಪ್ ಉತ್ತರ ಹುಡುಕಿದ್ದು ಪಕ್ಕದ ಕಣಿವೆಗಳಲ್ಲಿ. ಯೂಟಾ ರಾಜ್ಯದ ಉತ್ತರಕ್ಕೆ ಕ್ಯಾಷ್ ಕಣಿವೆ ಇದೆ. ಅದೇ ಚಳಿ, ಅದೇ ಬಗೆಯ ಜನ, ಉಕ್ಕಿನ ಕಾರ್ಖಾನೆ ಮಾತ್ರ ಇಲ್ಲ. ವೈರಸ್ಸೇ ಕಾರಣವಾದರೆ ಅಲ್ಲಿಯೂ ಅದೇ ಏರಿಳಿತ ಕಾಣಬೇಕು. 1991ರಲ್ಲಿ ಪ್ರಕಟಿಸಿದ ಮೂರು ಕಣಿವೆಗಳ ಹೋಲಿಕೆಯಲ್ಲಿ ಅದು ಕಾಣಲಿಲ್ಲ. ಸಿಗರೇಟಿನ ಮಾತಂತೂ ಅಲ್ಲಿ ನಡೆಯುವಂತೆಯೇ ಇರಲಿಲ್ಲ. ಜನರಲ್ಲಿ ಬಹುಪಾಲು ಮಾರ್ಮನ್ನರು, ಅವರ ಧರ್ಮದಲ್ಲಿ ತಂಬಾಕು ನಿಷಿದ್ಧ.

ಸಹೋದ್ಯೋಗಿ ಮೈಕೇಲ್ ರಾನ್ಸಮ್ ಅವರೊಡನೆ ಪೋಪ್ ಪ್ರಾಥಮಿಕ ಶಾಲೆಗಳ ಹಾಜರಿ ಪುಸ್ತಕವನ್ನೂ ತೆಗೆಸಿದರು. ಧೂಳು 100 ಮೈಕ್ರೋಗ್ರಾಂ ಏರಿದರೆ ಗೈರುಹಾಜರಿ ಸುಮಾರು 40 ಪ್ರತಿಶತ ಹೆಚ್ಚು. ಜೋಯೆಲ್ ಶ್ವಾರ್ಟ್ಸ್ ಕೂಡ ಸೇರಿಕೊಂಡು 1992ರಲ್ಲಿ ಸಾವಿನ ಲೆಕ್ಕ ಹೊರಗೆ ತಂದರು: ಐದು ದಿನದ ಸರಾಸರಿ ಧೂಳು 100 ಮೈಕ್ರೋಗ್ರಾಂ ಏರಿದರೆ ದಿನದ ಸಾವು 16 ಪ್ರತಿಶತ ಏರುತ್ತದೆ. ಆಸ್ಪತ್ರೆ ದಾಖಲೆ, ಶಾಲೆಯ ಹಾಜರಿ, ಮರಣ ನೋಂದಣಿ: ಯಾರೂ ಹೊಸದಾಗಿ ಬರೆದದ್ದಲ್ಲ, ಗುಮಾಸ್ತರು ದಿನಾ ಬರೆದಿಟ್ಟದ್ದು. 1995ರಲ್ಲಿ ರಾನ್ಸಮ್ ಮತ್ತು ಪೋಪ್ ಒಂದು ಉಕ್ಕಿನ ಕಾರ್ಖಾನೆಯ ಹೊರಗಿನ ಆರೋಗ್ಯ ವೆಚ್ಚ ಎಂಬ ವಿಷಯದ ಮೇಲೆಯೇ ಅರ್ಥಶಾಸ್ತ್ರದ ಪತ್ರಿಕೆಯಲ್ಲಿ ಬರೆದರು. ಪಿಗು ಅವರ ಸಾಬೂನಿನ ಲೆಕ್ಕ ಮಗುವಿನ ಶ್ವಾಸಕೋಶದ ತನಕ ಬಂದಿತ್ತು.

ಈ ನಡುವೆ ಪೋಪ್ 1990ರ ದಶಕದ ಮೊದಲಲ್ಲಿ ಹಾರ್ವರ್ಡಿನ ಸಾರ್ವಜನಿಕ ಆರೋಗ್ಯ ಶಾಲೆಗೆ ಹೋದರು. ಅಲ್ಲಿ 1974ರಿಂದ ಆರು ಊರುಗಳ ಅಧ್ಯಯನ ನಡೆಯುತ್ತಿತ್ತು. 8,111 ಜನರನ್ನು 14ರಿಂದ 16 ವರ್ಷ ಹಿಂಬಾಲಿಸಿ, ಪ್ರತಿಯೊಬ್ಬರ ಸಿಗರೇಟು, ತೂಕ, ಓದು, ಕೆಲಸ ಎಲ್ಲ ಬರೆದುಕೊಂಡು ಮಾಡಿದ ಕೆಲಸ. 1993ರ ಡಿಸೆಂಬರಿನಲ್ಲಿ ಡಗ್ಲಾಸ್ ಡಾಕರಿ, ಪೋಪ್ ಮತ್ತು ಸಂಗಡಿಗರು ‘ನ್ಯೂ ಇಂಗ್ಲೆಂಡ್ ಜರ್ನಲ್’ನಲ್ಲಿ ಅದನ್ನು ಪ್ರಕಟಿಸಿದರು. ಆರರಲ್ಲಿ ಅತ್ಯಂತ ಹೊಲಸು ಗಾಳಿಯ ಒಹಾಯೋದ ಸ್ಟೂಬೆನ್‌ವಿಲ್‌ನಲ್ಲಿ ಸಾವಿನ ಪ್ರಮಾಣ ಅತ್ಯಂತ ಶುದ್ಧ ಗಾಳಿಯ ವಿಸ್ಕಾನ್ಸಿನ್ನಿನ ಪೋರ್ಟೇಜ್‌ಗಿಂತ 26 ಪ್ರತಿಶತ ಹೆಚ್ಚು. ಎಂಟು ಸಾವಿರ ಜನ ಸಾಲದು ಎಂದವರಿಗೆ 1995ರಲ್ಲಿ ಇನ್ನೊಂದು ಉತ್ತರ ಬಂತು. ಅಮೆರಿಕನ್ ಕ್ಯಾನ್ಸರ್ ಸೊಸೈಟಿಯವರು 1982ರಲ್ಲಿ ಸಿಗರೇಟು ಮುಂತಾದವುಗಳ ಬಗ್ಗೆ ತಿಳಿಯಲು ಲಕ್ಷಾಂತರ ಜನರ ವಿವರ ಬರೆದುಕೊಂಡಿದ್ದರು. ಪೋಪ್ ಅದಕ್ಕೆ 151 ನಗರಗಳ ಗಾಳಿಯ ಅಂಕಿಯನ್ನು ಜೋಡಿಸಿದರು. ಒಟ್ಟು 5,52,138 ಜನ. ಫಲಿತಾಂಶ ಅದೇ ದಿಕ್ಕಿನದು.

ಇದರಲ್ಲೊಂದು ವಿಶೇಷ ಗಮನಿಸಬೇಕು. ಸತ್ತವರಲ್ಲಿ ಹೃದಯದ ಕಾಯಿಲೆಯವರೇ ಬಹಳ. ಹೊಗೆ ಎಂದರೆ ಶ್ವಾಸಕೋಶ ಎಂದು ನಾವೆಲ್ಲ ಓದಿದ್ದು. ಅತಿ ಸಣ್ಣ ಕಣ, 2.5 ಮೈಕ್ರಾನಿಗಿಂತ ಚಿಕ್ಕದು, ಮೂಗಿನ ಕೂದಲಿಗೂ ಗಂಟಲಿನ ಲೋಳೆಗೂ ಸಿಗದೆ ಶ್ವಾಸಕೋಶದ ಕೊನೆಯ ಗಾಳಿಚೀಲದವರೆಗೆ ಇಳಿಯುತ್ತದೆ. ಅಲ್ಲಿ ಉರಿಯೂತ ಎಬ್ಬಿಸುತ್ತದೆ. ಉರಿಯೂತದ ರಾಸಾಯನಿಕಗಳು ರಕ್ತಕ್ಕೆ ಸೇರಿ ರಕ್ತನಾಳದ ಒಳಪದರವನ್ನು ಕೆರಳಿಸುತ್ತವೆ, ರಕ್ತ ಹೆಪ್ಪುಗಟ್ಟುವ ಗುಣ ಹೆಚ್ಚುತ್ತದೆ, ಹೃದಯದ ಬಡಿತದ ಲಯ ಏರುಪೇರಾಗುತ್ತದೆ. 2010ರಲ್ಲಿ ಅಮೆರಿಕನ್ ಹಾರ್ಟ್ ಅಸೋಸಿಯೇಷನ್ ಹೊರಡಿಸಿದ ಹೇಳಿಕೆಯಲ್ಲಿ ಇದೆಲ್ಲ ಅಧಿಕೃತವಾಯಿತು. ಸಹಿ ಹಾಕಿದ ಹೃದ್ರೋಗ ತಜ್ಞರ ಮಧ್ಯೆ ನಮ್ಮ ಅರ್ಥಶಾಸ್ತ್ರದ ಮೇಷ್ಟರೂ ಒಬ್ಬರು.

ಇನ್ನೂ ರೋಚಕವಾದದ್ದು 2001ರಲ್ಲಿ ಬಂತು. ಜಿನೀವಾ ಕಾಲದ ಗಾಳಿ ಅಳೆಯುವ ಯಂತ್ರಗಳ ಹಳೆಯ ಫಿಲ್ಟರ್ ಕಾಗದಗಳನ್ನು ಯಾರೋ ಪುಣ್ಯಾತ್ಮರು ಎಸೆಯದೆ ಇಟ್ಟಿದ್ದರು. ಆ್ಯಂಡ್ರೂ ಘಿಯೋ ಮತ್ತು ರಾಬರ್ಟ್ ಡೆವ್ಲಿನ್ ಎಂಬ ಸಂಶೋಧಕರು ಕಾರ್ಖಾನೆ ಮುಚ್ಚುವ ಮುನ್ನ, ಮುಚ್ಚಿದ್ದಾಗ, ತೆರೆದ ಮೇಲೆ ಹೀಗೆ ಮೂರು ವರ್ಷಗಳ ಧೂಳಿನ ಸಾರ ತೆಗೆದು, ಒಪ್ಪಿ ಬಂದ ಆರೋಗ್ಯವಂತ ಸ್ವಯಂಸೇವಕರ ಶ್ವಾಸಕೋಶಕ್ಕೆ ಬ್ರಾಂಕೋಸ್ಕೋಪಿನಿಂದ ಒಂದಿಷ್ಟೇ ಇಷ್ಟು ಹಾಕಿ ನೋಡಿದರು. ತೂಕ ಅಷ್ಟೇ. ಮುಚ್ಚಿದ್ದ ವರ್ಷದ ಧೂಳಿಗಿಂತ ನಡೆಯುತ್ತಿದ್ದ ವರ್ಷಗಳ ಧೂಳು ಹೆಚ್ಚು ಉರಿಯೂತ ಎಬ್ಬಿಸಿತು! ಅದರಲ್ಲಿ ಲೋಹಗಳ ಅಂಶ ಜಾಸ್ತಿ. ಹದಿನಾಲ್ಕು ವರ್ಷದ ಹಿಂದಿನ ಆಸ್ಪತ್ರೆಯ ಅಂಕಿಗಳಿಗೆ ಒಂದು ಕಾಗದದ ತುಂಡು ಸಾಕ್ಷಿ ಹೇಳಿತು. ಯಾವ ಪತ್ತೇದಾರಿ ಕಾದಂಬರಿಗೂ ಇದು ಕಡಿಮೆಯಿಲ್ಲ.

ಕಾನೂನಿನ ಕಡೆ ನೋಡೋಣ. 1997ರಲ್ಲಿ ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಮೊದಲ ಸಲ ಪಿ.ಎಂ. 2.5ಕ್ಕೆ ಮಿತಿ ಹಾಕಿತು, ವರ್ಷದ ಸರಾಸರಿ 15 ಮೈಕ್ರೋಗ್ರಾಂ. ಉದ್ಯಮಗಳಿಂದ ದೊಡ್ಡ ಗಲಾಟೆ. ಮೂಲ ಅಂಕಿಗಳನ್ನು ಬಹಿರಂಗ ಮಾಡಿ ಎಂದರು. ರೋಗಿಗಳ ಹೆಸರು ಗುಟ್ಟಾಗಿಡುತ್ತೇವೆಂದು ಮಾತು ಕೊಟ್ಟು ಪಡೆದ ವಿವರ ಅದು. ಬೀದಿಗೆ ಹಾಕುವುದು ಹೇಗೆ? ಕೊನೆಗೆ ಎರಡೂ ಕಡೆಯವರಿಗೆ ಸೇರದ ಸಂಸ್ಥೆಯೊಂದು ಅಂಕಿಗಳನ್ನು ಕೆನಡಾದ ಡೇನಿಯಲ್ ಕ್ರೂಸ್ಕಿ ನೇತೃತ್ವದ ತಂಡಕ್ಕೆ ಒಪ್ಪಿಸಿತು. ಅವರು ಮೊದಲಿನಿಂದ ಲೆಕ್ಕ ಹಾಕಿ 2000ದಲ್ಲಿ ಹೇಳಿದ್ದು, ಮೂಲ ಫಲಿತಾಂಶ ಸರಿಯಿದೆ ಎಂದು. 2001ರಲ್ಲಿ ಸುಪ್ರೀಂ ಕೋರ್ಟು ಸರ್ವಾನುಮತದಿಂದ ಮತ್ತೊಂದು ತೀರ್ಪು ಕೊಟ್ಟಿತು: ಗಾಳಿಯ ಮಿತಿ ಗೊತ್ತುಮಾಡುವಾಗ ಆರೋಗ್ಯವನ್ನು ಮಾತ್ರ ನೋಡಬೇಕು, ಖರ್ಚು ನೋಡುವಂತಿಲ್ಲ. ಅರ್ಥಶಾಸ್ತ್ರದವರ ಸಂಶೋಧನೆಯಿಂದ ನಿಂತ ಮಿತಿಗೆ ಅರ್ಥಶಾಸ್ತ್ರವನ್ನೇ ದೂರವಿಡಿ ಎಂಬ ತೀರ್ಪು! ಜಗಳ ಅಲ್ಲಿಗೂ ಮುಗಿಯಲಿಲ್ಲ. 2013ರಲ್ಲಿ ಕಾಂಗ್ರೆಸ್ಸಿನ ಸಮಿತಿಯೊಂದು ಅದೇ ಅಂಕಿಗಳಿಗಾಗಿ ಸಮನ್ಸ್ ಕಳಿಸಿತು. ಮಿತಿ 2012ರಲ್ಲಿ 12ಕ್ಕೆ, 2024ರಲ್ಲಿ 9ಕ್ಕೆ ಇಳಿಯಿತು. 2025ರಲ್ಲಿ ಅದನ್ನೂ ಮರುಪರಿಶೀಲಿಸುವುದಾಗಿ ಹೊಸ ಆಡಳಿತ ಪ್ರಕಟಿಸಿತು.

ಖರ್ಚು ನೋಡುವಂತಿಲ್ಲ ಎಂದರೂ ಲೆಕ್ಕ ಹಾಕುವುದನ್ನು ಯಾರೂ ಬಿಡಲಿಲ್ಲ. 1990ರ ಗಾಳಿ ಕಾನೂನಿನ ತಿದ್ದುಪಡಿಗಳ ಬಗ್ಗೆ ಅದೇ ಸಂಸ್ಥೆ 2011ರಲ್ಲಿ ವರದಿ ಕೊಟ್ಟಿತು. 2020ರ ಒಂದು ವರ್ಷಕ್ಕೆ ಖರ್ಚು ಸುಮಾರು 6,500 ಕೋಟಿ ಡಾಲರ್, ಲಾಭ ಸುಮಾರು 2 ಲಕ್ಷ ಕೋಟಿ ಡಾಲರ್ ಎಂಬ ಅಂದಾಜು. ಲಾಭದ ಬಹುಭಾಗ ಬರುವುದು ತಪ್ಪಿದ ಸಾವುಗಳಿಂದ, ಅಂದರೆ ಒಂದೊಂದು ಜೀವಕ್ಕೂ ಒಂದು ಬೆಲೆ ಕಟ್ಟಿ. ಇಲ್ಲಿ ನಮಗೆ ಸ್ವಲ್ಪ ಕಸಿವಿಸಿ. ಹಾಸಿಗೆಯ ಪಕ್ಕ ನಿಂತವರು ಜೀವಕ್ಕೆ ಬೆಲೆ ಕಟ್ಟುವುದಿಲ್ಲ, ಕಟ್ಟಬಾರದು ಎಂದೇ ಕಲಿತವರು. ಆದರೆ ಬೆಲೆ ಬರೆಯದ ಕಡೆ ಗುಮಾಸ್ತ ಬರೆಯುವುದು ಸೊನ್ನೆ. ಜಿನೀವಾ ಕಾರ್ಖಾನೆಯ ಪುಸ್ತಕದಲ್ಲಿ ನಲವತ್ತು ವರ್ಷ ಮಕ್ಕಳ ವಾರ್ಡಿನ ಸಾಲಿನಲ್ಲಿ ಇದ್ದದ್ದು ಸೊನ್ನೆಯೇ. ಒರಟು ಲೆಕ್ಕವಾದರೂ ಸೊನ್ನೆಗಿಂತ ವಾಸಿ ಎಂಬುದು ನಮ್ಮ ಅಭಿಪ್ರಾಯ. ಓದುಗರು ಒಪ್ಪದಿದ್ದರೆ ಮುಂದಿನ ಸಂಚಿಕೆಗೆ ಪತ್ರ ಬರೆಯಲಿ.

ಒಳ್ಳೆಯ ಸುದ್ದಿಯನ್ನೂ ಪೋಪ್ ಅವರೇ ಕೊಟ್ಟಿದ್ದಾರೆ. 2009ರಲ್ಲಿ ಮಾಜಿದ್ ಎಜ್ಜಾತಿ ಮತ್ತು ಡಾಕರಿ ಜೊತೆ ಅಮೆರಿಕದ 51 ನಗರ ಪ್ರದೇಶಗಳನ್ನು 1980ರ ಸುಮಾರಿಗೂ 2000ದ ಸುಮಾರಿಗೂ ಹೋಲಿಸಿದರು. ಸಣ್ಣ ಕಣ 10 ಮೈಕ್ರೋಗ್ರಾಂ ಇಳಿದ ಕಡೆ ಸರಾಸರಿ ಆಯುಷ್ಯ 0.61 ವರ್ಷ, ಅಂದರೆ ಏಳು ತಿಂಗಳಿಗೂ ಮಿಗಿಲು, ಹೆಚ್ಚಿತ್ತು. ಆ ಅವಧಿಯಲ್ಲಿ ಕೂಡಿದ ಆಯುಷ್ಯದ 15 ಪ್ರತಿಶತದವರೆಗೆ ಗಾಳಿ ಶುದ್ಧವಾದದ್ದರಿಂದ ಬಂದಿರಬಹುದು ಎಂದರು. ಈ ಏಳು ತಿಂಗಳಿಗೆ ಯಾರೂ ಮಾತ್ರೆ ನುಂಗಬೇಕಾಗಿರಲಿಲ್ಲ.

ಅದೇ ವರ್ಷದ ಇನ್ನೊಂದು ಲೇಖನ ನಮ್ಮ ನಾಡಿಗೆ ಹತ್ತಿರದ್ದು. ಊರಿನ ಗಾಳಿ, ಇನ್ನೊಬ್ಬರ ಸಿಗರೇಟಿನ ಹೊಗೆ, ತಾನೇ ಸೇದುವ ಸಿಗರೇಟು, ಈ ಮೂರನ್ನೂ ಒಂದೇ ಗೆರೆಯ ಮೇಲೆ ಇಟ್ಟು ಹೃದಯಕ್ಕೆ ಎಷ್ಟೆಷ್ಟು ಪೆಟ್ಟು ಎಂದು ನೋಡಿದರು. ಗೆರೆ ನೇರವಾಗಿಲ್ಲ. ಮೊದಲ ಸ್ವಲ್ಪಕ್ಕೇ ಥಟ್ಟನೆ ಮೇಲೇರುತ್ತದೆ, ಆಮೇಲೆ ನಿಧಾನವಾಗುತ್ತದೆ. ಈ ಬಾಗಿದ ಗೆರೆಯ ಆಧಾರದ ಮೇಲೆಯೇ ಜಗತ್ತಿನ ರೋಗಭಾರದ ಲೆಕ್ಕಗಳಲ್ಲಿ ಅಡಿಗೆಮನೆಯ ಹೊಗೆಯೂ ದೆಹಲಿಯ ಹೊಗೆಯೂ ಸೇರಿಕೊಂಡವು. ಭಾರತದಲ್ಲಿ 2019ರಲ್ಲಿ ಗಾಳಿಯ ಮಾಲಿನ್ಯದಿಂದ 16.7 ಲಕ್ಷ ಸಾವುಗಳೆಂದು ‘ಲ್ಯಾನ್ಸೆಟ್’ ಬಳಗದ ಪತ್ರಿಕೆಯಲ್ಲಿ ಬಂದ ಅಂದಾಜಿನ ಹಿಂದೆ ಇಂಥದೇ ಲೆಕ್ಕವಿದೆ. ದೇಶದ ಒಟ್ಟು ಸಾವುಗಳಲ್ಲಿ ಅದು 17.8 ಪ್ರತಿಶತ.

ಊದುಗೊಳವೆ ಹಿಡಿದು ಕೂತ ಅಜ್ಜಿ, ಕಣ್ಣೊರೆಸಿಕೊಳ್ಳುತ್ತಾ ರೊಟ್ಟಿ ತಟ್ಟುವ ಅತ್ತೆ, ಮಸಿ ಹಿಡಿದ ತೊಲೆಗಳು: ನಮ್ಮ ಪೀಳಿಗೆಯವರು ಇದನ್ನು ಮನೆಯ ಸೊಗಡು ಎಂದು ನೆನೆಯುತ್ತೇವೆ. ಹುಬ್ಬಳ್ಳಿಯಲ್ಲಿ ಎಂ.ಬಿ.ಬಿ.ಎಸ್. ಓದುವಾಗ ಬೀಡಿಯನ್ನು ಕೈಯಲ್ಲೂ ಮುಟ್ಟದ ಹೆಂಗಸರು ಬೀಡಿ ಸೇದುವವರ ಶ್ವಾಸಕೋಶ ಹೊತ್ತು ಬರುತ್ತಿದ್ದುದನ್ನು ನಾವು ನೋಡಿದ್ದೇವೆ. ಅದಕ್ಕೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲೇ ಉತ್ತರ ಹುಡುಕಿದವರಿದ್ದರು. ಅಮೂಲ್ಯ ರೆಡ್ಡಿ 1974ರಲ್ಲಿ ಕಟ್ಟಿದ ‘ಅಸ್ತ್ರ’ ಕೇಂದ್ರದವರು ಮೂರು ಪಾತ್ರೆ ಒಟ್ಟಿಗೆ ಇಡಬಹುದಾದ, ಚಿಮಣಿಯಿಂದ ಹೊಗೆ ಹೊರಗೆ ಕಳಿಸುವ, ಸೌದೆ ಉಳಿಸುವ ಒಲೆ ಮಾಡಿದರು. ಅಸ್ತ್ರ ಒಲೆ ಎಂದೇ ಕರ್ನಾಟಕದ ಎಷ್ಟೋ ಹಳ್ಳಿಗಳಲ್ಲಿ ಹೆಸರು. ಹೊಗೆಯ ವಿಷಯದಲ್ಲಿ ಯೂಟಾದವರಿಗೆ ಮುಂಚೆಯೇ ನಮ್ಮಲ್ಲಿ ಕೈಹಾಕಿದವರಿದ್ದರು ಎಂದು ಹೇಳಿಕೊಳ್ಳಲು ಸಂಕೋಚವೇನಿಲ್ಲ.

ಊರಿನ ಬೀದಿಯ ಗಾಳಿಯ ಮಾತು ಬೇರೆ. 2019ರಲ್ಲಿ ಭಾರತ ಸರ್ಕಾರ ಶುರುಮಾಡಿದ ಶುದ್ಧ ಗಾಳಿ ಕಾರ್ಯಕ್ರಮದ ಪಟ್ಟಿಯಲ್ಲಿ ಕರ್ನಾಟಕದ ನಾಲ್ಕು ಊರುಗಳಿವೆ: ಬೆಂಗಳೂರು, ಹುಬ್ಬಳ್ಳಿ-ಧಾರವಾಡ, ದಾವಣಗೆರೆ, ಕಲಬುರಗಿ. ಭಾರತ 2009ರಲ್ಲಿ ಪಿ.ಎಂ. 2.5ಕ್ಕೆ ಹಾಕಿಕೊಂಡ ವಾರ್ಷಿಕ ಮಿತಿ 40. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಸಲಹೆ ಮಾಡಿದ್ದು 5. ಬಾಗಿದ ಗೆರೆಯ ಕೆಳಗಿನ ಕಡಿದಾದ ಭಾಗ ಇರುವುದೇ ಈ ಎರಡು ಸಂಖ್ಯೆಗಳ ನಡುವೆ. ರಜಕ್ಕೆ ಊರಿಗೆ ಹೋದಾಗ ಹಿರಿಯರು ಬೆಳಿಗ್ಗೆ ಮುಖ್ಯರಸ್ತೆಯ ಪಕ್ಕದಲ್ಲೇ ವಾಯುವಿಹಾರ ಮಾಡುತ್ತಿದ್ದರೆ ಸ್ವಲ್ಪ ಒಳಗಿನ ಪಾರ್ಕಿಗೆ ಕರೆದುಕೊಂಡು ಹೋಗಿ. ಬೈಪಾಸ್ ಆದವರಿದ್ದರೆ ಇದು ಇನ್ನೂ ಮುಖ್ಯ.

ಜಿನೀವಾ ಕಾರ್ಖಾನೆ 2001ರ ನವೆಂಬರಿನಲ್ಲಿ ಕೊನೆಯ ಸಲ ನಿಂತಿತು, ಮರುವರ್ಷ ದಿವಾಳಿ. ಅದನ್ನು ಮುಚ್ಚಿಸಿದ್ದು ಪೋಪ್ ಅಲ್ಲ, ಅಗ್ಗದ ಉಕ್ಕಿನ ಆಮದು ಮತ್ತು ಸಾಲ. ಚಿಮಣಿಗಳನ್ನು ಉರುಳಿಸಿ, ನೆಲ ಶುಚಿಮಾಡಿ, ಆ ಜಾಗದಲ್ಲಿ ವಿನ್‌ಯಾರ್ಡ್ ಎಂಬ ಊರು ಬೆಳೆದಿದೆ. ಹೊಸ ಮನೆಗಳು, ಅಂಗಡಿಗಳು, ರೈಲು ನಿಲ್ದಾಣ. ಚಳಿಗಾಲದಲ್ಲಿ ಕಣಿವೆಗೆ ಮುಚ್ಚಳ ಬೀಳುವುದು ಮಾತ್ರ ನಿಂತಿಲ್ಲ. ಈಗ ಅದರ ಕೆಳಗೆ ಸೇರುವುದು ಕಾರುಗಳ ಹೊಗೆ.